ಗೇರ್‌ಬಾಕ್ಸಿಗೆ ಶೇಂದೂರ ಹಚ್ಚಿದ ಮಿಸ್ತ್ರಿ

ಗೇರ್‌ಬಾಕ್ಸಿನ ಒಳಗೆ ಮಾರುತಿಗೆ ಬಳಿಯುವ ಕೆಂಪು ಶೇಂದೂರ ಹಚ್ಚಿ, ನಾಲ್ಕು ಕಾಳು ಅಕ್ಷತೆ ಉದುರಿಸಿ, ಊದಿನಕಡ್ಡಿ ಬೆಳಗಿ, ಕೈ ಮುಗಿದು, ಆಮೇಲೆ ಮುಚ್ಚಳದ ಬೋಲ್ಟ್ ಬಿಗಿದ ಮಿಸ್ತ್ರಿ ಈ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲೆಲ್ಲ ಒಬ್ಬನೇ ಒಬ್ಬ. ಅವನೇ ಇದನ್ನು ಬರೆಯುತ್ತಿದ್ದಾನೆ. ತೆಂಗಿನಕಾಯಿಯನ್ನೂ ಒಡೆದೆ. ಅದರ ನೀರು ಒಳಗೆ ಬಿತ್ತೋ ಇಲ್ಲವೋ ನೆನಪಿಲ್ಲ. ಬಿದ್ದಿದ್ದರೆ, ಆ ದಿನ ಆ ಗೇರ್‌ಬಾಕ್ಸಿಗೆ ನನ್ನಿಂದ ಸಿಕ್ಕ ತಂಪಾದ ಪದಾರ್ಥ ಅದೊಂದೇ.

ಮಷೀನು ದಿಗ್ಗೇವಾಡಿಯ ಶಾಂತಕ್ಕನದು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಬೀಳುವ ಒಣ ಗರಿಗೆ ನಮ್ಮ ಕಡೆ ರವದಿ ಎನ್ನುತ್ತೇವೆ. ಅದನ್ನೂ ಒಣಹುಲ್ಲನ್ನೂ ಬಾಚಿ ನುಂಗಿ, ಒತ್ತಿ, ಹಗ್ಗ ಬಿಗಿದು, ಇಟ್ಟಿಗೆಯಂಥ ಪೆಂಡಿ ಮಾಡಿ ಹಿಂದೆ ಉಗುಳುವ ಮಷೀನಿಗೆ ಬೇಲರ್ ಎಂದು ಹೆಸರು. ಶಾಂತಕ್ಕನದು ಪಂಜಾಬಿನಲ್ಲಿ ಯಾರೋ ಹಿಂಡಿ ಹಿಪ್ಪೆ ಮಾಡಿ ಮಾರಿದ ಹಳೇ ಬೇಲರ್. ಬಣ್ಣ ಯಾವುದೆಂದು ಹೇಳುವುದಕ್ಕೂ ಬಣ್ಣ ಉಳಿದಿರಲಿಲ್ಲ. ಆದರೆ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ತಾನೇ ಓಡಿಸುತ್ತಿದ್ದಳು. ಗಂಡ ಕಾರ್ಖಾನೆಯ ಕಬ್ಬಿನ ಗಾಡಿ ಹೊಡೆಯುತ್ತ ಸುಗ್ಗಿಯಿಡೀ ಹೊರಗೆ. ಮನೆಯಲ್ಲಿ ಯಜಮಾನಿಕೆ ಮೈದುನನದು. ಅವನು ಆ ವರ್ಷ ಎಲ್ಲರೆದುರಿಗೆ ಹೇಳಿದ್ದ: ಈ ಸುಗ್ಗಿಯಲ್ಲಿ ಮಷೀನು ಒಮ್ಮೆ ಕೆಟ್ಟು ನಿಂತರೆ ಮಾರಿಬಿಡುವುದು, ಅತ್ತಿಗೆ ಟ್ರ್ಯಾಕ್ಟರಿನಿಂದ ಇಳಿದು ಕೊಟ್ಟಿಗೆ ನೋಡಿಕೊಳ್ಳುವುದು. ಹೀಗಾಗಿ ಆ ಗೇರ್‌ಬಾಕ್ಸಿನ ಹಲ್ಲುಗಳ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅದು ಗೊತ್ತಿದ್ದೂ ನಾನು ಊದಿನಕಡ್ಡಿ ಹಚ್ಚಿದೆ.

ನನ್ನ ಹೆಸರು ಬಾಳು. ತಲೆಯಲ್ಲಿ ಇನ್ನೂ ಒಂದೂ ಬಿಳಿ ಕೂದಲಿಲ್ಲ, ಆದರೂ ನಿವೃತ್ತ. ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸುವ ನಿವೃತ್ತಿಯಲ್ಲ. ಕೆಲಸವೇ ನನ್ನನ್ನು ಬಿಟ್ಟು ಎದ್ದು ಹೋಯಿತು. ಈಗ ಡೇರಿಯಲ್ಲಿ ಹಾಲು ಅಳೆಯುತ್ತೇನೆ. ಐಟಿಐ ಮುಗಿಸಿದ ಹುಡುಗರು ಬಂದು, "ಅಣ್ಣಾ, ಹುಲ್ಲಿನ ಮಷೀನ್ ರಿಪೇರಿ ಕಲೀಬೇಕಂತ ಮಾಡೇವಿ" ಎನ್ನುತ್ತಾರೆ. ಅವರಿಗೆ ಬಾಯಿಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಈ ಕಡೆ ಬರುವುದಾದರೆ ಬರಲಿ.

ನಾನು ಕೆಲಸ ಕಲಿತದ್ದು, ಅಂದರೆ ಕಲಿಯದೇ ಉಳಿದದ್ದು, ಚಿಕ್ಕೋಡಿಯಲ್ಲಿ ತಾತ್ಯಾನ ಗ್ಯಾರೇಜಿನಲ್ಲಿ. ಅವನಿಗೆ ಬೇರೆ ಹೆಸರು ಇದ್ದಿರಬೇಕು. ಊರಿಗೆಲ್ಲ ತಾತ್ಯಾ. ಒಳಗೆ ಇರುತ್ತಿದ್ದವರು ನಾವಿಬ್ಬರೇ. ಹುಲ್ಲು ಕೊಯ್ಯುವ ಮಷೀನು, ಹುಲ್ಲು ಬಾಚುವ ಮಷೀನು, ಬೇಲರ್, ಮೇವು ಕತ್ತರಿಸುವ ಕುಟ್ಟಿ ಮಷೀನು, ಏನೇ ಬರಲಿ, ತಾತ್ಯಾ ಬರೀ ಕಿವಿಯಿಂದ ನೋಡುತ್ತಿದ್ದ. ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, "ಬೇರಿಂಗ್ ಹೋಗೇತಿ," ಎಂದರೆ ಬೇರಿಂಗ್ ಹೋಗಿರುತ್ತಿತ್ತು. ಹೋಗಿರದಿದ್ದರೂ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಪಾಪ ಅದೇ ಹೋಗುತ್ತಿತ್ತು.

ಸೇರಿದ ಹೊಸದರಲ್ಲಿ ಒಂದು ಹುಲ್ಲು ಕೊಯ್ಯುವ ಮಷೀನಿಗೆ ಗೇರ್ ಎಣ್ಣೆ ಹಾಕಲು ಹೇಳಿದ. ನಮ್ಮ ಮನೆಯಲ್ಲಿ ಎಮ್ಮೆಗೆ ಹಿಂಡಿ ಹಾಕುವಾಗ ಕೈ ಹಿಡಿದವರಿಲ್ಲ. ಅದೇ ಧಾರಾಳ ಇಲ್ಲಿಯೂ ತೋರಿಸಿದೆ. ಎಣ್ಣೆ ಮೇಲಿನ ಬಾಯಿಗೆ ಬಂದು ನನ್ನ ಮುಖ ಅದರಲ್ಲಿ ಕಾಣುವವರೆಗೂ ಸುರಿದೆ. ಗೇರ್‌ಬಾಕ್ಸಿನ ಪಕ್ಕದಲ್ಲಿ ಒಂದು ಚಿಕ್ಕ ಬೋಲ್ಟ್ ಸಡಿಲಾಗಿತ್ತು. ಅಲ್ಲಿಂದ ಎಣ್ಣೆ ಸೋರುತ್ತಿದೆಯಲ್ಲ ಎಂದು ಮೈಯ ಶಕ್ತಿಯೆಲ್ಲ ಹಾಕಿ ಬಿಗಿದೆ. ಆ ಬೋಲ್ಟ್ ಇರುವುದೇ ಎಣ್ಣೆ ಸಾಕು ಎಂದು ಹೇಳುವುದಕ್ಕೆ. ಅದನ್ನು ಬಿಚ್ಚಿಟ್ಟು, ಎಣ್ಣೆ ಅಲ್ಲಿಗೆ ಬಂದು ಇಣುಕಿದ ಕೂಡಲೇ ನಿಲ್ಲಿಸಬೇಕು. ಮೇಲೆ ಇನ್ನೊಂದು ತೂತಿನ ಪ್ಲಗ್ ಇರುತ್ತದೆ, ಗೇರ್‌ಬಾಕ್ಸಿನ ಮೂಗು ಅದು. ಅದರಲ್ಲಿ ಕಸ ತುಂಬಿದ್ದನ್ನು ನಾನು ನೋಡಿಯೂ ಇರಲಿಲ್ಲ. ಹೊಟ್ಟೆ ತುಂಬ ಎಣ್ಣೆ, ಮೂಗು ಬಂದ್. ಹೊಲದಲ್ಲಿ ಕಾದು ನೊರೆ ಬಂದು ಎರಡೂ ಕಡೆ ಎಣ್ಣೆ ತಡೆಯುವ ಆಯಿಲ್ ಸೀಲುಗಳು ಕಿತ್ತುಕೊಂಡು ಹಾರಿದವು. ಪಕ್ಕದ ಬದುವಿನಲ್ಲಿ ಮೇಯುತ್ತಿದ್ದ ಎಮ್ಮೆ ಆಮೇಲೆ ಎಷ್ಟೋ ದಿನ ಹೊಸ ಟ್ರ್ಯಾಕ್ಟರಿನ ಹಾಗೆ ಹೊಳೆಯುತ್ತಿತ್ತು.

"ಲೇ, ಎಣ್ಣಿ ಹಾಕಂದ್ರ ಅಭಿಷೇಕ ಮಾಡಿಯಲ್ಲೋ!" ಎಂದು ತಾತ್ಯಾ ಬೈದ. ಬೈಯುವುದರಲ್ಲಿ ಅವನು ಎಂದೂ ಜಿಪುಣತನ ಮಾಡಲಿಲ್ಲ. ಜಿಪುಣತನವೆಲ್ಲ ಕಲಿಸುವುದರಲ್ಲಿ.

ಗೇರ್‌ಬಾಕ್ಸಿನಲ್ಲಿ ಬಿಚ್ಚುವುದು, ತೊಳೆಯುವುದು, ಬೇರಿಂಗ್ ಬಡಿಯುವುದು, ಸೀಲು ಕೂರಿಸುವುದು ಎಲ್ಲ ಒಂದು ತೂಕ. ದೊಡ್ಡ ಹಲ್ಲುಚಕ್ರವನ್ನೂ ಅದಕ್ಕೆ ಕಚ್ಚುವ ಚಿಕ್ಕ ಪಿನಿಯನ್ನನ್ನೂ ಸೇರಿಸಿ ಕೂರಿಸುವುದು ಒಂದೇ ಇನ್ನೊಂದು ತೂಕ. ಅವುಗಳ ಹಿಂದೆ ಕಾಗದದಷ್ಟು ತೆಳುವಾದ ತಗಡಿನ ಶಿಮ್ ಹಾಕಿ, ತೆಗೆದು, ಎರಡೂ ಸರಿಯಾಗಿ ಕಚ್ಚುವ ಹಾಗೆ ಮಾಡಬೇಕು. ಇದಕ್ಕೆ ಸೆಟಿಂಗ್ ಎನ್ನುತ್ತಾರೆ. ಆ ಗಳಿಗೆ ಹತ್ತಿರ ಬಂತೆಂದರೆ ತಾತ್ಯಾ ತಲೆಯೆತ್ತದೆ ಹೇಳುತ್ತಿದ್ದ:

"ಬಾಳ್ಯಾ, ಚಾ ತಗೊಂಬಾ ಹೋಗು."

ನಾನು ಚಹಾ ತರುವಷ್ಟರಲ್ಲಿ ಮುಚ್ಚಳ ಬಿದ್ದು ಬೋಲ್ಟ್ ಬಿಗಿದಾಗಿರುತ್ತಿತ್ತು. ಒಂದು ಸಲವಲ್ಲ, ಎರಡು ಸಲವಲ್ಲ. ನಾನಿದ್ದಷ್ಟು ವರ್ಷವೂ. ಒಮ್ಮೆ ಮಾತ್ರ ಬಾಯಿಬಿಟ್ಟು ಕೇಳಿದೆ, "ತಾತ್ಯಾ, ಸೆಟಿಂಗ್ ಹೆಂಗ ಮಾಡ್ತಾರ್ರಿ?" ಉತ್ತರವಾಗಿ ಬೋಲ್ಟ್ ಬಿಗಿಯುವ ಪಾನಾ ಒಂದು ಹಾರಿ ಬಂತು. ತಲೆ ಬಗ್ಗಿಸಿದ್ದಕ್ಕೆ ತಪ್ಪಿಸಿಕೊಂಡೆ. ಅಲ್ಲಿಂದ ಮುಂದೆ ಕೇಳುವುದನ್ನು ಬಿಟ್ಟು ಕಿತಾಪತಿ ಶುರು ಮಾಡಿದೆ.

ಒಂದು ದಿನ ಮೊದಲೇ ಚಹಾ ತಂದು ಫ್ಲಾಸ್ಕಿನಲ್ಲಿ ಹಾಕಿ ಟಯರಿನ ಹಿಂದೆ ಬಚ್ಚಿಟ್ಟೆ. ತಾತ್ಯಾ ಪಿನಿಯನ್ ಕೈಗೆತ್ತಿಕೊಂಡ.

"ಬಾಳ್ಯಾ, ಚಾ."

"ತಗೋರಿ ತಾತ್ಯಾ," ಎಂದು ಕಪ್ಪು ಮುಂದೆ ಹಿಡಿದೆ.

ಅವನು ಕಪ್ಪನ್ನೂ ನನ್ನನ್ನೂ ನೋಡಿದ. "ಬಿಸ್ಕೀಟು?"

"ಅದೂ ಐತ್ರಿ."

"ಎಲಿ-ಅಡಿಕಿ?"

"ಕಿಸೇದಾಗ ಐತ್ರಿ. ಸುಣ್ಣಾ ಹಚ್ಚಿ ಕೊಡ್ಲ್ಯಾ?"

ತಾತ್ಯಾ ಚಹಾ ಪೂರ್ತಿ ಕುಡಿದ. ಬಿಸ್ಕೀಟು ತಿಂದ. ಎಲೆ ಹಾಕಿಕೊಂಡ. ಆಮೇಲೆ ಹೇಳಿದ: "ನಿಪ್ಪಾಣಿಗೆ ಹೋಗಿ ಬಾ."

"ಯಾಕ್ರಿ?"

"ಬಸ್ ಸ್ಟ್ಯಾಂಡ್ ಐತ್ಯೋ ಇಲ್ಲೋ ನೋಡ್ಕೊಂಡ ಬಾ."

ಹೋಗಿ ಬಂದೆ. "ಐತ್ರಿ ತಾತ್ಯಾ, ಅಲ್ಲೇ ಐತಿ," ಎಂದೆ. ಮುಚ್ಚಳ ಬಿದ್ದಿತ್ತು. ಆ ದಿನ ಇಬ್ಬರೂ ಬಹಳ ನಕ್ಕೆವು. ಈಗ ಅದನ್ನು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಒಬ್ಬನ ವಯಸ್ಸು ಕಳೆಯುತ್ತಿತ್ತು, ಇನ್ನೊಬ್ಬನು ಎಲೆ ಅಗಿಯುತ್ತಿದ್ದ.

ನನ್ನ ತಮಾಷೆಗೆ ಬೇರೆಯವರೂ ಬೆಲೆ ಕೊಟ್ಟಿದ್ದಾರೆ. ಅಕ್ಕೋಳದಿಂದ ಅಣ್ಣಾಸಾಹೇಬರು ಎಂಬ ಜೈನ ರೈತರು ಬರುತ್ತಿದ್ದರು. ಹುಲ್ಲು ಕೊಯ್ಯುವ ಮಷೀನು ಹೊಲಕ್ಕೆ ಇಳಿಯುವ ಮೊದಲು ತಾವೇ ಒಂದು ಸುತ್ತು ನಡೆದು, ಚಪ್ಪಾಳೆ ತಟ್ಟಿ, ಒಳಗೆ ಕೂತ ಹಕ್ಕಿಗಳನ್ನು ಎಬ್ಬಿಸಿ, ಆಮೇಲೆ ಡ್ರೈವರನಿಗೆ ಕೈ ಮಾಡುವ ಮನುಷ್ಯ. ಒಂದು ದಿನ ಗ್ರೀಸಿನ ಡಬ್ಬಿ ನೋಡಿ ಕೇಳಿದರು: "ಇದರಾಗ ಪ್ರಾಣಿ ಚರಬಿ ಇರ್ತೈತೇನಪಾ?"

ನಾನು ಮುಖ ಗಂಭೀರ ಮಾಡಿ ಅಂದೆ: "ಇರ್ತೈತ್ರಿ ಸಾಹೇಬ್ರ. ಹುಲೀದು. ಅದಕ್ಕ ಮಷೀನ್ ಅಷ್ಟ ಗುರ್ ಅಂತೈತಿ."

ಅವರು ನಗಲಿಲ್ಲ. ನಾನು ಒಳಗೆ ಹೋಗಿ ಒಬ್ಬನೇ ನಕ್ಕೆ. ಆ ಸುಗ್ಗಿಯಿಡೀ ಅವರು ಮಷೀನಿಗೆ ಒಂದು ಹನಿ ಗ್ರೀಸು ಮುಟ್ಟಿಸಲಿಲ್ಲ. ಟ್ರ್ಯಾಕ್ಟರಿನಿಂದ ಮಷೀನಿಗೆ ತಿರುಗು ಒಯ್ಯುವ ಜಾಯಿಂಟ್ ಶಾಫ್ಟು ಒಣಗಿ, ಕಿರುಚಿ, ಕೊನೆಗೆ ಹಿಡಿದುಕೊಂಡು, ಗೇರ್‌ಬಾಕ್ಸಿನ ಬಾಯಿಯನ್ನೇ ಮುರಿದು ನಿಂತಿತು. ತಾತ್ಯಾ ನನ್ನ ಕಿವಿ ಹಿಡಿದು ಅವರ ಮುಂದೆ ನಿಲ್ಲಿಸಿದ. ಈಗಿನ ಗ್ರೀಸು ಕಲ್ಲೆಣ್ಣೆಯಿಂದ ಮಾಡಿದ್ದು ಎಂದು ಅಂಗಡಿಯವನನ್ನು ಕರೆಸಿ ಹೇಳಿಸಿದ. ಅಣ್ಣಾಸಾಹೇಬರು ನನ್ನನ್ನು ನೋಡಿ, "ನಗೂ ಮಾತಿತ್ತಂದ್ರ ನನಗೂ ಹೇಳಬೇಕಿತ್ತಪಾ. ನಾನೂ ನಕ್ಕ ಬಿಡ್ತಿದ್ದೆ," ಎಂದರು. ಅಷ್ಟೇ. ಆ ಮಾತಿಗೆ ಆಗ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಈಗ ಶೇಂದೂರದ ಸಂಗತಿ. ಗ್ಯಾರೇಜಿನ ಗೋಡೆಗೆ ಒಂದು ಮಾರುತಿಯ ಫೋಟೊ, ಅದರ ಕೆಳಗೆ ಶೇಂದೂರದ ಡಬ್ಬಿ. ಪ್ರತಿ ಸೆಟಿಂಗ್ ಮುಗಿದ ಮೇಲೆ ನಾನು ಚಹಾ ಹಿಡಿದು ಬಂದು ನೋಡಿದರೆ ತಾತ್ಯಾನ ಬೆರಳ ತುದಿ ಕೆಂಪು, ಒರೆಸಿದ ಬಟ್ಟೆ ಕೆಂಪು, ಮುಚ್ಚಳದ ಅಂಚಿಗೂ ಒಂದಿಷ್ಟು ಕೆಂಪು. ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ನಾನು ಯೋಚಿಸದೆಯೇ ತಿಳಿದುಕೊಂಡೆ: ತಾತ್ಯಾ ಮಾರುತಿಯ ಶೇಂದೂರ ಹಚ್ಚಿ, ಏನೋ ಮಂತ್ರ ಹೇಳಿ, ಗೇರುಗಳಿಗೆ ಪೂಜೆ ಮಾಡುತ್ತಾನೆ. ಅದಕ್ಕೇ ನನ್ನನ್ನು ಹೊರಗೆ ಕಳಿಸುತ್ತಾನೆ. ಅವನು ಮಾಡಿದ ಗೇರ್‌ಬಾಕ್ಸು ವರ್ಷಗಟ್ಟಲೆ ಸದ್ದು ಮಾಡದಿರುವುದಕ್ಕೆ ಅದೇ ಕಾರಣ. ಇಷ್ಟು ದೊಡ್ಡ ಗುಟ್ಟು ಕಂಡುಹಿಡಿದೆನಲ್ಲ ಎಂದು ನನಗೆ ನನ್ನ ಮೇಲೆಯೇ ಗೌರವ ಬಂತು.

ಒಂದು ದಿನ ಅಥಣಿ ಕಡೆಯ ಗಿರಾಕಿಯೊಬ್ಬ ನನ್ನ ಕಡೆ ತಿರುಗಿ ಏನೋ ಕೇಳಿದ. ತಾತ್ಯಾ ನಡುವೆಯೇ ಬಾಯಿ ಹಾಕಿ, "ಅವನ್ನ ಏನ್ ಕೇಳ್ತೀರಿ, ಅಂವಾ ಚಾ ತರಾಂವಾ," ಎಂದ. ಆ ಸಂಜೆಯೇ ಬಿಟ್ಟೆ. ರಾಯಬಾಗದಲ್ಲಿ ಒಂದು ತಗಡಿನ ಶೆಡ್ ಹಿಡಿದೆ. ಫ್ಲೆಕ್ಸ್ ಬರೆಸಿದೆ: "ಗೇರ್‌ಬಾಕ್ಸ್ ಸ್ಪೆಷಲಿಸ್ಟ್ ಬಾಳು." ಅದರಲ್ಲಿ ನನ್ನ ಫೋಟೊ. ಪಾನಾವನ್ನು ಗದೆಯ ಹಾಗೆ ಹೆಗಲ ಮೇಲೆ ಇಟ್ಟುಕೊಂಡಿದ್ದೆ. ಮಾರುತಿಯೇ ನಾಚಿಕೊಳ್ಳಬೇಕು.

ಅಲ್ಲಿಗೆ ಶಾಂತಕ್ಕ ಬಂದಳು. ಬೇಲರ್ ಎಳೆದುಕೊಂಡು ತಾನೇ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದು, ಶೆಡ್ಡಿನೊಳಗೆ ಹಿಂದು-ಮುಂದು ಮಾಡಿ ಒಂದೇ ಏಟಿಗೆ ನಿಲ್ಲಿಸಿದಳು. ನನಗೆ ಅಷ್ಟು ನೆಟ್ಟಗೆ ಸೈಕಲ್ಲೂ ನಿಲ್ಲಿಸಲು ಬರುವುದಿಲ್ಲ.

"ತಮ್ಮಾ, ಕರ್ ಕರ್ ಅನ್ನಾಕತ್ತೈತಿ. ತಾತ್ಯಾನ ಕಡೆ ಒಯ್ಯಬೇಕಂತ ಮಾಡಿದ್ದೆ. ಅಲ್ಲಿ ಎಂಟ ದಿನಾ ಪಾಳಿ. ಶಿರಗುಪ್ಪಿಯಾಗ ಕಬ್ಬ ಕಡಿಯಾಕತ್ತಾರ, ರವದಿಗೆ ಮಾತ ಕೊಟ್ಟೇನಿ. ನಿಂದ್ರಾಕ ಆಗೂದಿಲ್ಲ."

"ನಿಂದ್ರೂದ್ಯಾಕ ಅಕ್ಕಾ? ತಾತ್ಯಾ ಮಾಡೂದೆಲ್ಲಾ ನನಗ ಗೊತ್ತೈತಿ."

"ಖರೇ ಹೇಳು. ನಮ್ಮ ಮೈದುನ ಬಾಯಿ ತಕ್ಕೊಂಡ ಕುಂತಾನ. ಈ ಸಲ ನಿಂತ್ರ ಮಷೀನ್ ಮನ್ಯಾಗ ಇರೂದಿಲ್ಲ."

"ನಿಂತ್ರ ನನ್ನ ಹೆಸರ ತಗದ ನಿನ್ನ ಎಮ್ಮಿಗೆ ಇಡು."

ಅವಳು ನಕ್ಕಳು. ನಗಿಸಿದೆನಲ್ಲ, ಅಷ್ಟಕ್ಕೇ ಅರ್ಧ ರಿಪೇರಿ ಆದಂತೆ ನನಗೆ ಅನಿಸಿತು.

ಸುಳ್ಳು ಹೇಳುವುದಿಲ್ಲ, ಮೊದಲರ್ಧ ಚೆನ್ನಾಗಿಯೇ ಮಾಡಿದೆ. ಬಿಚ್ಚಿದಾಗ ಎಣ್ಣೆ ಹಾಲು ಹಾಕಿದ ಚಹಾದಂತೆ ಇತ್ತು. ಅಂದರೆ ಒಳಗೆ ನೀರು. ಪೆಂಡಿ ಕಟ್ಟುವ ಹಗ್ಗದ ಎಳೆ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ದಿತ್ತು. ಹುಡುಗರೇ, ಇದನ್ನು ಮಾತ್ರ ನೆನಪಿಡಿ: ಹುಲ್ಲಿನ ಮಷೀನಿನಲ್ಲಿ ಗೇರ್‌ಬಾಕ್ಸನ್ನು ಕೊಲ್ಲುವುದು ಹೆಚ್ಚಾಗಿ ಈ ಎಳೆಯೇ. ದಿನಾ ಸಂಜೆ ಒಂದು ಕುಡುಗೋಲಿನಿಂದ ಅದನ್ನು ಕತ್ತರಿಸಿ ತೆಗೆದರೆ ಮಿಸ್ತ್ರಿಗಳು ಉಪವಾಸ ಬೀಳುತ್ತಾರೆ. ಬೇರಿಂಗ್ ಬದಲಿಸಿದೆ, ಸೀಲು ಬದಲಿಸಿದೆ, ತೊಳೆದೆ. ಆಮೇಲೆ ಆ ಗಳಿಗೆ ಬಂತು. ಚಹಾ ತರಲು ನನ್ನ ಹತ್ತಿರ ಯಾರೂ ಇರಲಿಲ್ಲ.

ಪಿನಿಯನ್ ಕೂರಿಸಿ ಅಲ್ಲಾಡಿಸಿದೆ. ಟಿಕ್ ಟಿಕ್ ಎಂದು ಸ್ವಲ್ಪ ಆಡುತ್ತಿತ್ತು. ಆಡುವುದು ಎಂದರೆ ಸಡಿಲು, ಸಡಿಲು ಎಂದರೆ ಕೆಟ್ಟದ್ದು ಎಂದು ನನ್ನ ಲೆಕ್ಕ. ಶಿಮ್ ತೆಗೆದೆ, ಮತ್ತೊಂದು ತೆಗೆದೆ. ಕೊನೆಗೆ ಒಂದಿಷ್ಟೂ ಆಡಲಿಲ್ಲ. ಕಲ್ಲಿನಂತೆ ಕೂತಿತು. ಆಮೇಲೆ ಶೇಂದೂರ ತಂದು ಒಂದೊಂದು ಹಲ್ಲಿಗೂ ಬೊಟ್ಟು ಇಟ್ಟೆ. ಮದುಮಗಳಿಗೂ ಯಾರೂ ಅಷ್ಟು ಚಂದ ಇಟ್ಟಿರಲಿಕ್ಕಿಲ್ಲ. ನಾನು ಊದಿನಕಡ್ಡಿ ಬೆಳಗುವಾಗ ಶಾಂತಕ್ಕ ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ ಕೈ ಮುಗಿದು ನಿಂತಳು.

ಅದನ್ನು ನೆನೆಸಿಕೊಂಡಾಗ ಮಾತ್ರ ನನಗೆ ಯಾವ ತಮಾಷೆಯೂ ಹೊಳೆಯುವುದಿಲ್ಲ.

ಚಾಲೂ ಮಾಡಿದರೆ ಸದ್ದೇ ಇಲ್ಲ. "ನೋಡಕ್ಕಾ, ಬೇಲರ್ ಐತ್ಯೋ ಬೆಕ್ಕ ಐತ್ಯೋ!" ಎಂದೆ. ಅವಳು ಹೋದಳು. ಮರುದಿನ ಮಧ್ಯಾಹ್ನ ಶಿರಗುಪ್ಪಿಯ ಹೊಲದಿಂದ ಫೋನು.

"ತಮ್ಮಾ, ಗೇರ್‌ಬಾಕ್ಸ್ ಮ್ಯಾಲ ಕೈ ಇಟ್ರ ಸುಡಾಕತ್ತೈತಿ. ನಿಲ್ಲಸ್ಲ್ಯಾ?"

ಆ ಒಂದು ಗಳಿಗೆ ನಾನು "ನಿಲ್ಲಿಸು" ಎಂದಿದ್ದರೆ ಹಲ್ಲು ಉಳಿಯುತ್ತಿದ್ದವು. ಮುಚ್ಚಳ ತೆಗೆದು ಶಿಮ್ ಹಾಕಿದ್ದರೆ ಸಾಕಿತ್ತು. ಆದರೆ ಫೋನು ಬಂದಾಗ ನನ್ನ ಪಕ್ಕ ನಾಲ್ಕು ಜನ ಕೂತಿದ್ದರು, ನನಗೆ ಕೇಳುಗರು ಸಿಕ್ಕರೆ ಬಾಯಿ ನಿಲ್ಲುವುದಿಲ್ಲ.

"ಬ್ಯಾಡಕ್ಕಾ! ಹೊಸಾ ಸೊಸಿ ಇದ್ದಂಗ ಅದು. ಮೊದಲ ನಾಕ ದಿನಾ ಬಿಸಿ ಇರ್ತೈತಿ, ಆಮ್ಯಾಲ ತಾನ ತಣ್ಣಗ ಆಕ್ಕೈತಿ."

ನಾಲ್ಕೂ ಜನ ನಕ್ಕರು. ಫೋನಿನ ಆ ಕಡೆ ಅವಳೂ ನಕ್ಕಳು. ನಕ್ಕು ಮತ್ತೆ ಓಡಿಸಿದಳು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಬಂತು. ನಾನು ಶಿರಗುಪ್ಪಿಗೆ ಮುಟ್ಟುವಷ್ಟರಲ್ಲಿ ಹೊಲದ ನಡುವೆ ಬೇಲರ್ ನಿಂತಿತ್ತು. ಒಳಗೆ ಹಲ್ಲುಗಳು ಹುರಿದ ಶೇಂಗಾದಂತೆ ಒಡೆದು ಬಿದ್ದಿದ್ದವು. ಹೊಲದ ಮಾಲೀಕ ಬದುವಿನ ಮೇಲೆ ನಿಂತಿದ್ದ. ಅವನದೂ ತಪ್ಪಿಲ್ಲ, ಕುಳೆ ಕಬ್ಬಿಗೆ ನೀರು ಬಿಡಬೇಕು, ಅದಕ್ಕೆ ಮೊದಲು ಹೊಲ ಖಾಲಿ ಆಗಬೇಕು, ಕಾಲುವೆಯ ಪಾಳಿ ಅವನಿಗಾಗಿ ಕಾಯುವುದಿಲ್ಲ.

"ಆಗತೈತೇನೋ ಮಿಸ್ತ್ರಿ?" ಎಂದ.

"ಇವತ್ತ ಆಗೂದಿಲ್ರಿ."

"ಹಂಗಾರ ನಾ ಉರಿ ಹಚ್ಚಾಂವನ. ಅಕ್ಕಾರ, ನಿಮ್ಮ ಗಾಡಿ ತಕ್ಕೊಳ್ರಿ."

ಶಾಂತಕ್ಕ ಟ್ರ್ಯಾಕ್ಟರ್ ಏರಿ ಸತ್ತ ಬೇಲರನ್ನು ರಸ್ತೆಗೆ ಎಳೆದು ತಂದಳು. ಅವನು ಬೆಂಕಿ ಇಟ್ಟ. ರವದಿ ಉರಿಯುವುದಕ್ಕೆ ಹೊತ್ತು ಬೇಕಾಗಿಲ್ಲ. ಅವಳು ಸೀಟಿನ ಮೇಲೆ ಕೂತು ತಿರುಗಿ ನೋಡಿದಳು. ಹೊಗೆ ನಮ್ಮ ಕಡೆಗೇ ಬರುತ್ತಿತ್ತು. ನಾನು ಕೆಳಗೆ ನಿಂತು ಏನಾದರೂ ಹೇಳಬೇಕೆಂದು ಬಾಯಿ ತೆರೆದು ಹೊಗೆ ನುಂಗಿದೆ.

ಬೇರೆ ದಾರಿ ಇರಲಿಲ್ಲ. ಗೇರ್‌ಬಾಕ್ಸ್ ಇಳಿಸಿ, ತಾತ್ಯಾನ ಬಾಗಿಲಿಗೆ ಒಯ್ದೆ. ಶಾಂತಕ್ಕನೂ ಬಂದಳು. ತಾತ್ಯಾ ಪಾನಾ ಹಿಡಿದು ಕೂತ. ಮುಚ್ಚಳ ತೆಗೆದ. ಮೂಲೆಯ ಎಣ್ಣೆಯಲ್ಲಿ ಅಕ್ಷತೆ ಕಾಳು ಅಂಟಿಕೊಂಡಿದ್ದವು. ಒಂದನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದ.

"ಯಾರ ಲಗ್ನಾ ಇತ್ತೋ ಇದರಾಗ?"

ಅಲ್ಲಿದ್ದ ಗಿರಾಕಿಗಳೆಲ್ಲ ಕತ್ತು ಚಾಚಿದರು. ನಾನು ತಲೆ ಬಗ್ಗಿಸಿ ಹೇಳಿದೆ: "ನೀವು ಶೇಂದೂರ ಹಚ್ಚತಿದ್ರೆಲ್ರಿ... ಪೂಜಾ ಅಂತ ತಿಳದಿದ್ದೆ."

ತಾತ್ಯಾ ಎಷ್ಟು ನಕ್ಕನೆಂದರೆ ಬಾಯಲ್ಲಿನ ಎಲೆ ಹೊರಗೆ ಬಂತು. ನಕ್ಕು ಮುಗಿಯುವುದಕ್ಕೆ ಮೊದಲೇ ಸಿಟ್ಟು ಬಂತು. "ಅರೇ ದೇವಾ! ಶೇಂದೂರ ಪೂಜಾಕ್ಕಲ್ಲೋ ಹುಚ್ಚಾ. ಎಣ್ಣ್ಯಾಗ ಕಲಸಿ ಹಲ್ಲಿಗೆ ತೆಳ್ಳಗ ಹಚ್ಚೂದು. ಕೈಲೆ ಒಂದ ಸುತ್ತ ತಿರಗಸೂದು. ಹಲ್ಲ ಹಲ್ಲಿಗೆ ತಾಕಿದಲ್ಲಿ ಕೆಂಪ ಅಳಸತೈತಿ. ಹಲ್ಲಿನ ನಡಕ ಅಳಸಿತಂದ್ರ ಸೆಟಿಂಗ್ ಬರೋಬರಿ. ಅಂಚಿಗೆ ಅಳಸಿದ್ರ ಶಿಮ್ ಬದಲಿ ಮಾಡು. ಮತ್ತ ಚೂರ ಆಡಾಕ ಬಿಡು. ಕಬ್ಬಣಾ ಕಾದ್ರ ಉಬ್ಬತೈತಿ, ಅದಕ್ಕ ಜಾಗಾ ಬ್ಯಾಡೇನು?"

ಅಷ್ಟೇ. ಇಷ್ಟು ವರ್ಷ ಬಾಗಿಲ ಹೊರಗೆ ನಿಂತು ಕಾದ ವಿದ್ಯೆ, ಬೈಗುಳದ ನಡುವೆ, ಒಂದು ಎಲೆ ಅಗಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು.

"ಇದನ್ನ ಮೊದಲ ಹೇಳಿದ್ರ ಏನ್ ಆಗ್ತಿತ್ರಿ ತಾತ್ಯಾ?"

"ನೀ ಯಾಕ ಕೇಳಲಿಲ್ಲ?"

"ಕೇಳಿದ್ನೆಲ್ರಿ! ಪಾನಾ ಒಗದ್ರಿ."

"ಒಮ್ಮಿ ಕೇಳಿದಿ. ಚಾಕ್ಕ ಎಷ್ಟ ಸಲ ಹೋದಿ?"

ಅವನದು ಅನ್ಯಾಯದ ಮಾತೆಂದು ಈಗಲೂ ನನಗೆ ಅನಿಸುತ್ತದೆ. ಪಾನಾ ಎಸೆಯುವವನು ಹೀಗೆ ಕೇಳಬಾರದು. ಆದರೆ ಫ್ಲಾಸ್ಕಿನಲ್ಲಿ ಚಹಾ ಬಚ್ಚಿಡಲು ಖರ್ಚು ಮಾಡಿದ ಬುದ್ಧಿಯಲ್ಲಿ ಕಾಲುಭಾಗ ಆ ಕೆಂಪು ಬಟ್ಟೆಯ ಮೇಲೆ ಖರ್ಚು ಮಾಡಿದ್ದರೆ ನನಗೇ ತಿಳಿಯುತ್ತಿತ್ತು. ಅದೂ ಸುಳ್ಳಲ್ಲ.

ಬಾಗಿಲ ಹತ್ತಿರ ನಿಂತಿದ್ದ ಶಾಂತಕ್ಕ ಎಲ್ಲ ಕೇಳಿಸಿಕೊಂಡಳು. ತಾನು ಚಪ್ಪಲಿ ಬಿಟ್ಟು ಕೈ ಮುಗಿದದ್ದು ಯಾವುದಕ್ಕೆ ಎಂದು ಅವಳಿಗೆ ಆಗ ತಿಳಿಯಿತು. "ಎಂದ ಆಗತೈತ್ರಿ?" ಎಂದಷ್ಟೇ ತಾತ್ಯಾನನ್ನು ಕೇಳಿದಳು.

ಆ ಹಳೇ ಮಷೀನಿನ ಹಲ್ಲುಚಕ್ರ ಎಲ್ಲಿಯೂ ಸಿಗುವುದಿಲ್ಲ. ಮಿರಜಿನಲ್ಲಿ ಹೇಳಿ ಕೊರೆಸಬೇಕಾಯಿತು. ಕೊರೆದು, ಕಾಯಿಸಿ, ಗಟ್ಟಿ ಮಾಡಿ ಕೊಡುವಷ್ಟರಲ್ಲಿ ಶಿರಗುಪ್ಪಿ, ಕಾಗವಾಡ ಕಡೆ ಕಟಾವು ಮುಗಿಯುತ್ತ ಬಂದಿತ್ತು. ಚಿಕ್ಕೋಡಿಯಿಂದ ಮಿರಜಿಗೆ ಹೋಗುವಾಗ ಎರಡೂ ಕಡೆ ಹೊಲಗಳು ಕರ್ರಗೆ. ನನ್ನ ಕಣ್ಣಿಗೆ ಒಂದೊಂದೂ ನಾನೇ ಹಚ್ಚಿದ ಬೆಂಕಿಯಂತೆ ಕಾಣುತ್ತಿತ್ತು. ಸೆಟಿಂಗ್ ಮಾಡುವಾಗ ತಾತ್ಯಾ ಈ ಸಲ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಹಲ್ಲಿನ ನಡುವೆ ಕೆಂಪು ಅಳಿಸಿ, ಹೊಳೆಯುವ ಕಬ್ಬಿಣ ಒಂದು ಕಡಲೆಬೇಳೆಯಷ್ಟು ಕಂಡಿತು. "ನೋಡಿದೇನು?" ಎಂದ. ನೋಡಿದೆ. ಅದನ್ನು ನೋಡಬೇಕಾದ ಕಾಲದಲ್ಲಿ ನೋಡಿರಲಿಲ್ಲ.

ಬೇಲರಿಗೆ ಗೇರ್‌ಬಾಕ್ಸ್ ಏರಿಸಲು ದಿಗ್ಗೇವಾಡಿಗೆ ನಾನೇ ಹೋದೆ. ಅಂಗಳದಲ್ಲಿ ಚಾಲೂ ಮಾಡಿದೆವು. ಸದ್ದು ಹದವಾಗಿತ್ತು. ಹೊತ್ತು ಕಳೆದ ಮೇಲೆ ಕೈ ಇಟ್ಟು ನೋಡಿದೆ, ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಶಾಂತಕ್ಕನೂ ಕೈ ಇಟ್ಟಳು. ಅವಳ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಕಾಗವಾಡದ ಕಡೆ ತಡವಾಗಿ ಕಡಿಯುವ ಎರಡು ಹೊಲ ಇವೆ, ನಾಳೆಯೇ ಹೋದರೆ ಸಿಗುತ್ತವೆ ಎಂದು ಮೈದುನನಿಗೆ ಹೇಳಿದಳು. ಅವನು ಕಟ್ಟೆಯ ಮೇಲಿಂದ ಇಳಿದು ಬಂದು ಮಷೀನಿನ ಸುತ್ತ ಒಂದು ಸುತ್ತು ಹಾಕಿದ. ಅವನೂ ಕೈ ಇಟ್ಟು ನೋಡಿದ.

"ಚೊಲೋ ಆಗೇತಿ ಮಿಸ್ತ್ರಿ. ಗುಜರಿಗೆ ಹಾಕಾಂವ ಇದ್ದೆ. ಇನ್ನ ಅಥಣಿಯಾಂವಗ ತೋರಸಬಹುದು, ಚಾಲೂ ಇದ್ದದ್ದಕ್ಕ ಗಿರಾಕಿ ಅದಾನ."

ಶಾಂತಕ್ಕ, "ಎರಡ ಹೊಲಾ ಅಷ್ಟ ಮುಗಸ್ತೇನಿ," ಎಂದಳು.

"ಒಮ್ಮಿ ನಿಂತೈತಿ ವೈನಿ. ಮಾತಾಗೇತಿ," ಎಂದ ಅವನು ಅತ್ತಿಗೆಗೆ, ಸಿಟ್ಟಿಲ್ಲದೆ, ಲೆಕ್ಕ ಹೇಳುವವರ ಹಾಗೆ.

ಹೀಗೆ ನನ್ನ ಕೆಟ್ಟ ಕೆಲಸದಿಂದ ಅವಳ ಸುಗ್ಗಿ ಹೋಯಿತು, ಒಳ್ಳೆಯ ಕೆಲಸದಿಂದ ಮಷೀನೇ ಹೋಯಿತು. ಅವಳು ಒಳಗೆ ಹೋಗಿ ಚಹಾ ಮಾಡಿ ತಂದು ನನ್ನ ಕೈಗೆ ಕೊಟ್ಟಳು. "ಕುಡಿ ತಮ್ಮಾ" ಎಂದಳು. ಒಂದು ಬೈಗುಳವಿಲ್ಲ. ನಾನು ಕುಡಿದು ಎದ್ದು ಬಂದೆ.

ರಾಯಬಾಗದ ಫ್ಲೆಕ್ಸ್ ಇಳಿಸಿ ತಾತ್ಯಾನ ಹತ್ತಿರ ಮರಳಿ ಹೋದೆ. ಈಗ ಸೆಟಿಂಗ್ ಬರುತ್ತಿತ್ತು, ಆದರೆ ಸೆಟಿಂಗ್ ಬೇಕಾದ ಮಷೀನುಗಳು ಬರುವುದು ಕಡಿಮೆಯಾಯಿತು. ಹೊಸ ಬೇಲರುಗಳ ಗೇರ್‌ಬಾಕ್ಸಿಗೆ ಕಂಪನಿಯ ಮೊಹರು ಹಾಕಿರುತ್ತಾರೆ. ಒಡೆದರೆ ಗ್ಯಾರಂಟಿ ಇಲ್ಲ. ಕೆಟ್ಟರೆ ಇಸ್ತ್ರಿ ಮಾಡಿದ ಶರ್ಟಿನ ಹುಡುಗರು ಬಂದು ಇಡೀ ಡಬ್ಬಿಯನ್ನೇ ಬಿಚ್ಚಿ ಬೇರೆ ಡಬ್ಬಿ ಕೂರಿಸುತ್ತಾರೆ, ಒಳಗೆ ಏನಿದೆ ಎಂದು ಇಣುಕುವುದೂ ಇಲ್ಲ. ಹಳೆಯವು ಒಂದೊಂದಾಗಿ ಗುಜರಿಗೆ ಹೋದವು. ಹಿಂದೆಯೇ ಗ್ಯಾರೇಜೂ ಹೋಯಿತು. ತಾತ್ಯಾನ ಮಗ ಅಲ್ಲಿ ಬಾಡಿಗೆಗೆ ಅಂಗಡಿ ಕಟ್ಟಿಸಿದ. ನನಗೆ ಬಂದದ್ದು ಕೆಂಪು ಅಳಿಸುವ ವಿದ್ಯೆ ಒಂದೇ. ಅದನ್ನು ಕಲಿಸಲು ನಾನು ಸಿದ್ಧ, ಯಾರನ್ನೂ ಚಹಾಕ್ಕೆ ಕಳಿಸುವುದಿಲ್ಲ. ಹಚ್ಚುವುದಕ್ಕೆ ಗೇರು ಮಾತ್ರ ನೀವೇ ತರಬೇಕು.

ಇದೆಲ್ಲ ಈಗ ನನ್ನ ಕಟ್ಟೆಯ ಕಥೆ. ಡೇರಿಯಲ್ಲಿ, ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಶೇಂದೂರದ ಪೂಜೆ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೇಳಿದಂತೆಲ್ಲ ಅಕ್ಷತೆ ಹೆಚ್ಚುತ್ತ ಹೋಗಿದೆ. ಒಮ್ಮೊಮ್ಮೆ ಆರತಿಯೂ ಸೇರಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ರಾಯಬಾಗದ ಸಂತೆಯ ಹತ್ತಿರ, ಹಿಂಡಿ ಮಾರುವ ಅಂಗಡಿಯ ಮುಂದೆ ಶಾಂತಕ್ಕ ಕಂಡಳು. ಚೀಲ ಕೆಳಗಿಟ್ಟು ಬಸ್ಸಿಗೆ ಕಾಯುತ್ತಿದ್ದಳು. ತಪ್ಪಿಸಿಕೊಂಡು ಹೋಗುವಷ್ಟರಲ್ಲಿ ಅವಳೇ ಕರೆದಳು.

"ಅರಾಮಿದ್ದೀ ಏನೋ ತಮ್ಮಾ?"

"ಅರಾಮ ಅಕ್ಕಾ. ಮನ್ಯಾಗ ಎಲ್ಲಾರೂ?"

"ಅದಾರ. ನಿನ್ನ ಕತಿ ನಮ್ಮೂರತನಕಾ ಬಂದೈತಿ ಬಿಡು. ಶೇಂದೂರದ್ದು. ನಮ್ಮ ಮೈದುನನ ಹುಡುಗೋರೂ ಹೇಳಿ ನಗ್ತಾವ."

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಆದರೂ ಇಷ್ಟು ವರ್ಷ ಒಳಗೆ ಕೂತಿದ್ದ ಮಾತು ಹೊರಗೆ ಬಂತು.

"ಅಕ್ಕಾ, ಅವತ್ತ ನಿಮ್ಮ ಅಂಗಳದಾಗ ಚಾ ಕೊಟ್ಟ ಕಳಿಸಿದಿ. ಅದರ ಬದ್ಲಿ ನಾಕ ಮಾತ ಬೈಬೇಕಿತ್ತು. ಯಾಕ ಬೈಲಿಲ್ಲ?"

ಬಸ್ಸು ಬಂತು. ಅವಳು ಚೀಲವನ್ನು ಸೊಂಟಕ್ಕೆ ಏರಿಸಿಕೊಂಡಳು. ನಾನು ಹಿಡಿಯಲು ಕೈ ಚಾಚಿದೆ, ಕೊಡಲಿಲ್ಲ.

"ಬೈದಿದ್ರ ನಿನಗ ಹಗರ ಆಕ್ಕಿತ್ತಲ್ಲೋ," ಎಂದಳು. "ಅದಕ್ಕ ಬೈಲಿಲ್ಲ."